ಖಾಲಿ ಜಾಗವನ್ನು ಓದುವ ವಿದ್ಯೆ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಿಮ್ಮ ಊರು ಇವುಗಳಲ್ಲಿ ಯಾವುದೇ ಇರಲಿ, ಪೇಟೆಯಲ್ಲಿ ಮೊಬೈಲ್ ಅಥವಾ ಟಿ.ವಿ. ರಿಪೇರಿ ಮಾಡುವ ಒಂದು ಅಂಗಡಿಯನ್ನಾದರೂ ನೀವು ನೋಡಿರುತ್ತೀರಿ. ಮೇಜಿನ ಮೇಲೊಂದು ದೀಪ, ದೀಪದ ಜೊತೆಗೇ ಒಂದು ಭೂತಗನ್ನಡಿ, ಅದರ ಕೆಳಗೆ ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡು. ಬೋರ್ಡಿನ ಮೇಲೆ ನೂರಾರು ಪುಟ್ಟ ಭಾಗಗಳು ಸಾಲಾಗಿ ಕುಳಿತಿರುತ್ತವೆ. ಒಂದು ಕಡೆ ಮಾತ್ರ ಎರಡು ಬೆಳ್ಳಿ ಚುಕ್ಕೆಗಳ ನಡುವೆ ಏನೂ ಇರುವುದಿಲ್ಲ. ಅಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಭಾಗವಿತ್ತು. ಸೆಟ್ಟು ಕೆಳಗೆ ಬಿದ್ದಾಗಲೋ, ಹಿಂದೆ ಯಾರೋ ಬಿಚ್ಚಿದಾಗಲೋ ಅದು ಹಾರಿಹೋಗಿದೆ. ಅದು ಯಾವ ಭಾಗ? ಎಷ್ಟು ಮೌಲ್ಯದ್ದು? ಕಣ್ಣ ಮುಂದೆ ಇಲ್ಲದ ವಸ್ತುವನ್ನು ಹೆಸರಿಸಿ, ಅದರ ಜಾಗಕ್ಕೆ ಅಂಥದೇ ಇನ್ನೊಂದನ್ನು ತಂದು ಕೂರಿಸಬೇಕು.

ಇದು ವಿಜ್ಞಾನದ ಪ್ರಶ್ನೆ ಎಂದು ನೀವು ಹೇಳಬಹುದು. ಹೌದು. ಆದರೆ ಇದೇ ಪ್ರಶ್ನೆಯನ್ನು ಇತಿಹಾಸಕಾರರೂ ಕೇಳುತ್ತಾರೆ. ಹಿರೇಕೆರೂರು ಸೀಮೆಯ ಅಬಲೂರಿನ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು ಓದಿ, 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಏಕಾಂತದ ರಾಮಯ್ಯನ ಕಥೆ ವಿದ್ವತ್ ಲೋಕಕ್ಕೆ ತಿಳಿದುಬಂದದ್ದರಲ್ಲಿ ಆ ಪ್ರಕಟಣೆಯ ಪಾಲು ದೊಡ್ಡದು. ಶಾಸನ ಓದುವವರಿಗೆ ಕಲ್ಲು ಸವೆದು ಅಕ್ಷರ ಅಳಿಸಿಹೋದ ಜಾಗಗಳು ಎದುರಾಗುತ್ತಲೇ ಇರುತ್ತವೆ. ಅವರು ಅಲ್ಲಿ ಊಹೆಯಿಂದ ಏನನ್ನೋ ತುಂಬುವುದಿಲ್ಲ. ಆಚೀಚಿನ ಅಕ್ಷರ ನೋಡುತ್ತಾರೆ, ಛಂದಸ್ಸು ನೋಡುತ್ತಾರೆ, ಅದೇ ಅರಸನ ಅದೇ ಬಿರುದಾವಳಿ ಇನ್ನೊಂದು ಕಲ್ಲಿನಲ್ಲಿ ಇದೆಯೇ ಎಂದು ಹುಡುಕುತ್ತಾರೆ. ತುಂಬಿದ ಅಕ್ಷರವನ್ನು ಕಂಸದೊಳಗೆ ಹಾಕುತ್ತಾರೆ. ಇದು ಕಲ್ಲಿನಲ್ಲಿ ಇದ್ದದ್ದಲ್ಲ, ನಾವು ತುಂಬಿದ್ದು ಎಂದು ಓದುಗರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ.

ಬೋರ್ಡಿನ ಖಾಲಿ ಜಾಗವನ್ನು ಓದುವವರಿಗೂ ಸಾಕ್ಷಿಗಳು ಮೂರೇ: ಭಾಗದ ಮೇಲಿನ ಗುರುತು, ಅದರ ನೆರೆಹೊರೆ, ಮತ್ತು ಅದನ್ನು ಕುರಿತ ದಾಖಲೆ. ಕಳೆದ ನೂರು ವರ್ಷಗಳಲ್ಲಿ ಈ ಮೂರು ಸಾಕ್ಷಿಗಳಿಗೆ ಏನಾಯಿತು ಎಂಬುದೇ ಈ ಲೇಖನದ ವಿಷಯ. ಒಂದು ಸಾಕ್ಷಿ ಅಳಿಸುತ್ತ ಬಂದಿದೆ, ಒಂದು ಮರೆಯಾಗುತ್ತ ಬಂದಿದೆ, ಒಂದು ಮಾತ್ರ ಉಳಿದುಕೊಂಡಿದೆ. ಸಣ್ಣ ಊರಿನ ರಿಪೇರಿ ವಿದ್ಯೆ ಉಳಿಯುತ್ತದೋ ಇಲ್ಲವೋ ಎಂಬುದು ಇದನ್ನೇ ಅವಲಂಬಿಸಿದೆ.

ಭಾಗಗಳಿಗೆ ಕಾಲೂ ಹೆಸರೂ ಇದ್ದ ಕಾಲ

ನಿಮ್ಮ ತಾಲ್ಲೂಕುಗಳು ಹಾವೇರಿ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಮೊದಲು ಅವು ಧಾರವಾಡ ಜಿಲ್ಲೆಯವು. ಆ ಧಾರವಾಡದಲ್ಲಿ 1950ರ ಜನವರಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆ ಕೇಂದ್ರದ ದನಿ ಕೇಳಲು ಊರಿನಲ್ಲಿ ರೇಡಿಯೊ ಬೇಕಾಯಿತು. ರೇಡಿಯೊ ಬಂದ ಮೇಲೆ ಅದನ್ನು ರಿಪೇರಿ ಮಾಡುವವರೂ ಬೇಕಾದರು.

ಆ ಕಾಲದ ವಾಲ್ವ್ ರೇಡಿಯೊ ಒಂದನ್ನು ಹಿಂದಿನಿಂದ ಬಿಚ್ಚಿ ನೋಡಿ. ಒಳಗೆ ತಂತಿಯ ಕಾಲುಗಳಿರುವ ರೆಸಿಸ್ಟರುಗಳು, ಕಂಡೆನ್ಸರುಗಳು ಕೈಗೆ ಸಿಗುವಷ್ಟು ದೊಡ್ಡದಾಗಿ ಇರುತ್ತವೆ. ಎಷ್ಟೋ ಸೆಟ್ಟುಗಳ ಹಿಂಬದಿಯ ಹಲಗೆಯ ಒಳಮೈಗೆ ಇಡೀ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಒಂದು ಭಾಗ ಸುಟ್ಟು ಕಪ್ಪಾಗಿದ್ದರೂ ನಕ್ಷೆ ನೋಡಿ ಅದರ ಮೌಲ್ಯ ತಿಳಿಯಬಹುದಿತ್ತು. ರೆಸಿಸ್ಟರಿನ ಮೈಮೇಲೆ ಬಣ್ಣದ ಪಟ್ಟೆಗಳಿದ್ದವು. ಕಂದು ಅಂದರೆ 1, ಕಪ್ಪು ಅಂದರೆ 0, ಕಿತ್ತಳೆ ಅಂದರೆ 3. ಕಂದು, ಕಪ್ಪು, ಕಿತ್ತಳೆ ಎಂದಿದ್ದರೆ 10ರ ಮುಂದೆ ಮೂರು ಸೊನ್ನೆ, ಅಂದರೆ 10,000 ಓಮ್. ಅಮೆರಿಕದ ರೇಡಿಯೊ ತಯಾರಕರ ಸಂಘ 1920ರ ದಶಕದಲ್ಲಿ ರೂಪಿಸಿದ ಈ ಬಣ್ಣದ ಭಾಷೆಯನ್ನು ಇಂದಿಗೂ ನಿಮ್ಮ ಪ್ರಯೋಗಾಲಯದಲ್ಲಿ ಕಲಿಸುತ್ತಾರೆ. ಅಕ್ಷರ ಬಾರದವರೂ ಓದಬಹುದಾದ ಭಾಷೆ ಅದು.

ಇನ್ನೊಂದು ಸಂಗತಿ ಗಮನಿಸಿ. ಅಂಗಡಿಗೆ ಹೋಗಿ 50 ಓಮಿನ ರೆಸಿಸ್ಟರ್ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. 47 ಅಥವಾ 56 ಸಿಗುತ್ತದೆ. ಏಕೆ ಹೀಗೆ? ಇದರ ಹಿಂದೆ ಫ್ರಾನ್ಸಿನ ಸೇನಾ ಇಂಜಿನಿಯರ್ ಶಾರ್ಲ್ ರೆನಾರ್ ಅವರ ಕಥೆ ಇದೆ. 1870ರ ದಶಕದಲ್ಲಿ ಸೇನೆಯ ಬಲೂನುಗಳಿಗೆ 425 ಬಗೆಯ ಹಗ್ಗಗಳನ್ನು ಬಳಸುತ್ತಿದ್ದರು. ರೆನಾರ್ ಅವರು ಅಳತೆಗಳನ್ನು ಸಮಾನ ಅನುಪಾತದಲ್ಲಿ ಏರುವಂತೆ ಜೋಡಿಸಿ, 17 ಬಗೆ ಸಾಕು ಎಂದು ತೋರಿಸಿದರು. ಅದೇ ಆಲೋಚನೆ ಮುಂದೆ ವಿದ್ಯುತ್ ಭಾಗಗಳಿಗೂ ಬಂತು. ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗ 1952ರಲ್ಲಿ ಪ್ರಕಟಿಸಿದ ಶ್ರೇಣಿಯಲ್ಲಿ ಹತ್ತರಿಂದ ನೂರರ ನಡುವೆ ಹನ್ನೆರಡು ಮೆಟ್ಟಿಲುಗಳಿವೆ: 10, 12, 15, 18, 22, 27, 33, 39, 47, 56, 68, 82. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಶೇಕಡಾ 20 ಹೆಚ್ಚು. ಇದು ಕಾರ್ಖಾನೆಯ ಅನುಕೂಲಕ್ಕಾಗಿ ಮಾಡಿದ ಒಪ್ಪಂದ. ಆದರೆ ಕಾಣೆಯಾದ ಭಾಗವನ್ನು ಹುಡುಕುವವರಿಗೆ ಇದೊಂದು ವರ. ಸಾಧ್ಯತೆಗಳು ಅನಂತವಲ್ಲ, ಲೆಕ್ಕ ಸ್ಥೂಲವಾಗಿದ್ದರೂ ಸರಿಯಾದ ಮೆಟ್ಟಿಲಿಗೆ ಬಂದು ನಿಲ್ಲಬಹುದು.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಎಸಿ 128, ಬಿಸಿ 148 ಎಂಬ ಅಂಕಿಗಳನ್ನು ಹಳೆಯ ಮೆಕ್ಯಾನಿಕ್ ಯಾರನ್ನು ಕೇಳಿದರೂ ನೆನಪಿನಿಂದಲೇ ಹೇಳುತ್ತಾರೆ. ಭಾಗದ ಮೈಮೇಲೆ ಹೆಸರು, ಸೆಟ್ಟಿನೊಳಗೆ ನಕ್ಷೆ, ಅಂಗಡಿಯಲ್ಲಿ ಬಿಡಿಭಾಗ, ಮೂರೂ ಇದ್ದ ಕಾಲ ಅದು.

ಕಾಲು ಕಳೆದುಕೊಂಡ ಭಾಗಗಳು

ಬಿಡಿ ತಂತಿಗಳ ಬದಲು ತಾಮ್ರದ ಗೆರೆಗಳನ್ನೇ ಹಲಗೆಯ ಮೇಲೆ ಮುದ್ರಿಸಬಹುದು ಎಂದು ತೋರಿಸಿದವರಲ್ಲಿ ಪ್ರಮುಖರು ಪಾಲ್ ಐಸ್ಲರ್. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಅವರು 1936ರಲ್ಲಿ ಅಂಥ ಮುದ್ರಿತ ಹಲಗೆಯಿರುವ ರೇಡಿಯೊ ಒಂದನ್ನು ಮಾಡಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಈ ವಿಧಾನ ರೇಡಿಯೊ ಮತ್ತು ಟಿ.ವಿ.ಗಳಿಗೆ ಬಂತು. ಆಗಲೂ ಭಾಗಗಳಿಗೆ ಕಾಲುಗಳಿದ್ದವು. ಹಲಗೆಗೆ ತೂತು ಕೊರೆದು, ಕಾಲು ತೂರಿಸಿ, ಹಿಂಬದಿಯಲ್ಲಿ ಬೆಸುಗೆ ಹಾಕುತ್ತಿದ್ದರು.

ಕಾಲುಗಳೇ ಬೇಡ, ಭಾಗವನ್ನು ಹಲಗೆಯ ಮೈಮೇಲೆಯೇ ಕೂರಿಸಿ ಬೆಸೆಯೋಣ ಎಂಬ ಆಲೋಚನೆ 1960ರ ದಶಕದ್ದು. ಐಬಿಎಂ ಸಂಸ್ಥೆ 1964ರಲ್ಲಿ ಪ್ರಕಟಿಸಿದ ಸಿಸ್ಟಮ್ 360 ಗಣಕಯಂತ್ರದಲ್ಲಿ ಪುಟ್ಟ ಪಿಂಗಾಣಿ ಹಲಗೆಗಳಿದ್ದವು. ಅವುಗಳ ಮೇಲೆ ಕಾಲಿಲ್ಲದ ಟ್ರಾನ್ಸಿಸ್ಟರುಗಳನ್ನು ಮುಖ ಕೆಳಗಾಗಿ ಬೆಸೆದಿದ್ದರು. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಕೈಗಡಿಯಾರಗಳಿಗೆ ಪುಟ್ಟ ಭಾಗಗಳು ಬೇಕಾದವು. 1980ರ ದಶಕದಲ್ಲಿ ಈ ವಿಧಾನ ಕಾರ್ಖಾನೆಗಳಲ್ಲಿ ವ್ಯಾಪಕವಾಯಿತು. ಇಂಥ ಭಾಗಗಳಿಗೆ ಇಂದು ಅಂಗಡಿಯಲ್ಲಿ 'ಎಸ್‌ಎಂಡಿ' ಎನ್ನುತ್ತಾರೆ.

ಕಾರ್ಖಾನೆಗೆ ಇದರಿಂದ ಲಾಭ ಹಲವು. ತೂತು ಕೊರೆಯಬೇಕಾಗಿಲ್ಲ, ಹಲಗೆಯ ಎರಡೂ ಮೈಗಳಲ್ಲಿ ಭಾಗ ಕೂರಿಸಬಹುದು, ಯಂತ್ರವೇ ಗಂಟೆಗೆ ಸಾವಿರಾರು ಭಾಗಗಳನ್ನು ಎತ್ತಿ ಇಡುತ್ತದೆ. ಕಾಲಿನ ತಂತಿ ಇಲ್ಲದಿರುವುದರಿಂದ ಅತಿ ವೇಗದ ಸಂಕೇತಗಳೂ ಕೆಡದೆ ಸಾಗುತ್ತವೆ. ಮೊಬೈಲ್ ಫೋನು ಅಂಗೈಯಲ್ಲಿ ಹಿಡಿಸುವಂತಾದದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ರಿಪೇರಿಯವರಿಗೆ ಮಾತ್ರ ಕಷ್ಟ ಹೆಚ್ಚಿತು. 1206 ಎಂಬ ಅಳತೆಯ ಭಾಗ 3.2 ಮಿಲಿಮೀಟರ್ ಉದ್ದ, 0603 ಎಂಬುದು 1.6, 0402 ಎಂಬುದು ಕೇವಲ 1 ಮಿಲಿಮೀಟರ್. ಇದಕ್ಕಿಂತ ಚಿಕ್ಕವೂ ಇವೆ. ಬಣ್ಣದ ಪಟ್ಟೆಗೆ ಜಾಗವಿಲ್ಲದೆ ಅಂಕಿಗಳು ಬಂದವು. 103 ಎಂದರೆ 10ರ ಮುಂದೆ ಮೂರು ಸೊನ್ನೆ, 10,000 ಓಮ್. ಹೆಚ್ಚು ನಿಖರವಾದ ರೆಸಿಸ್ಟರಿನಲ್ಲಿ ಅದನ್ನೇ 1002 ಎಂದು ಬರೆಯುತ್ತಾರೆ. ಇನ್ನೂ ಚಿಕ್ಕ ಜಾಗದಲ್ಲಿ 01ಸಿ ಎಂಬ ಸಂಕೇತ. ಅದರ ಅರ್ಥವೂ 10,000 ಓಮ್. ಒಂದೇ ಮೌಲ್ಯಕ್ಕೆ ಮೂರು ಬರವಣಿಗೆ. 0402 ಅಳತೆಗೆ ಬಂದಾಗ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಕಂದು ಬಣ್ಣದ ಪಿಂಗಾಣಿ ಕೆಪಾಸಿಟರುಗಳ ಮೇಲಂತೂ ಗುರುತೇ ಇರುವುದಿಲ್ಲ. ಹೀಗೆ ಮೊದಲ ಸಾಕ್ಷಿ ಅಳಿಸುತ್ತ ಬಂತು.

ಹಳ್ಳಿಯಲ್ಲಿ ಕಾರ್ಡು, ನಗರದಲ್ಲಿ ಬೆಸುಗೆ

ಇನ್ನು ದಾಖಲೆಯ ಕಥೆ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ 1975 ಮರೆಯಲಾಗದ ವರ್ಷ. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಿತ್ತರಿಸಲಾಯಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬಹುಪಾಲು ಜನ ಟಿ.ವಿ.ಯನ್ನೇ ಕಂಡಿರದ ಹಳ್ಳಿಗಳಲ್ಲಿ ಕೋಳಿಬಲೆಯಂಥ ಜಾಲರಿಯ ಆಂಟೆನಾ ನಿಲ್ಲಿಸಿ, ಧೂಳು ಮತ್ತು ಬಿಸಿಲಿನ ನಡುವೆ ಸೆಟ್ಟುಗಳನ್ನು ನಡೆಸಬೇಕಿತ್ತು. ಕಾರ್ಯಕ್ರಮ ತಯಾರಿಸುವುದಕ್ಕಿಂತ ಸೆಟ್ಟುಗಳನ್ನು ಸುಸ್ಥಿತಿಯಲ್ಲಿ ಇಡುವುದು ಸಣ್ಣ ಕೆಲಸವೇನಾಗಿರಲಿಲ್ಲ.

ಹನ್ನೊಂದು ವರ್ಷಗಳ ನಂತರ, 1986ರಲ್ಲಿ, ಧಾರವಾಡಕ್ಕೂ ಬೆಳಗಾವಿಗೂ ನಡುವಿನ ಕಿತ್ತೂರಿನಲ್ಲಿ ಇನ್ನೊಂದು ಮಹತ್ವದ ಘಟನೆ ನಡೆಯಿತು. 1984ರಲ್ಲಿ ಸ್ಥಾಪನೆಯಾಗಿದ್ದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ವಿನ್ಯಾಸ ಮಾಡಿದ, 128 ಪೋರ್ಟುಗಳ ಸ್ವಯಂಚಾಲಿತ ಟೆಲಿಫೋನ್ ವಿನಿಮಯ ಕೇಂದ್ರ ಅಲ್ಲಿ ಮೊದಲು ಕೆಲಸಕ್ಕೆ ನಿಂತಿತು. ವಿದೇಶದ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದಕ್ಕೆ ಅದು ಬೇಡ. ಹಳ್ಳಿಯ ಬಿಸಿಲು ಧೂಳುಗಳಲ್ಲಿಯೇ ನಡೆಯುವಂತೆ ಮಾಡಿದ್ದರು. ಒಳಗೆ ಸಾಲಾಗಿ ಕಾರ್ಡುಗಳು. ಒಂದು ಕೆಟ್ಟರೆ ಅದನ್ನು ಹೊರಗೆಳೆದು ಇನ್ನೊಂದನ್ನು ತೂರಿಸಿದರಾಯಿತು. ಕೆಟ್ಟ ಕಾರ್ಡಿನಲ್ಲಿ ಯಾವ ಭಾಗ ಹೋಗಿದೆ ಎಂಬುದನ್ನು ಹಳ್ಳಿಯಲ್ಲಿ ಹುಡುಕಬೇಕಾಗಿಲ್ಲ. ಅದನ್ನು ರಿಪೇರಿ ಕೇಂದ್ರಕ್ಕೆ ಕಳಿಸಬಹುದು.

ಇದು ವಿವೇಕದ ಏರ್ಪಾಡು. ಫೋನು ಬೇಗ ಸರಿಹೋಗುತ್ತಿತ್ತು, ಊರಿಗೆ ಅನುಕೂಲವಾಯಿತು. ಆದರೆ ಇತಿಹಾಸದ ವಿದ್ಯಾರ್ಥಿಗಳಾಗಿ ನೀವು ಇನ್ನೊಂದನ್ನೂ ಕಾಣಬೇಕು. ಒಂದೇ ಕೈಯಲ್ಲಿದ್ದ ವಿದ್ಯೆ ಇಂಥ ಏರ್ಪಾಡಿನಲ್ಲಿ ಎರಡಾಯಿತು. ಕಾರ್ಡು ಬದಲಿಸುವುದು ಹಳ್ಳಿಯ ಪಾಲಿಗೆ, ಭಾಗವನ್ನು ಗುರುತಿಸಿ ಬೆಸೆಯುವುದು ನಗರದ ಪಾಲಿಗೆ ಬಂತು. ಸಿ-ಡಾಟ್ ಸರ್ಕಾರದ ಸಂಸ್ಥೆ. ತಂತ್ರಜ್ಞಾನವನ್ನು ದೇಶದ ಹಲವು ಕಾರ್ಖಾನೆಗಳಿಗೆ ಕೊಟ್ಟಿತು. ಹಾಗಾಗಿ ನಕ್ಷೆ ದೇಶದೊಳಗೇ ಇತ್ತು. ಮುಂದೆ ಮನೆಬಳಕೆಯ ಸಾಧನಗಳು ಬಂದಾಗ ಅದೂ ತಪ್ಪಿತು. ಸೆಟ್ಟಿನ ಹಿಂಬದಿಯ ನಕ್ಷೆ ಮಾಯವಾಯಿತು. ಕಂಪನಿಯ ಸೇವಾ ಕೇಂದ್ರದಲ್ಲಿ ಇಡೀ ಬೋರ್ಡೇ ಒಂದು 'ಭಾಗ' ಎನಿಸಿತು. ಎರಡು ರೂಪಾಯಿಯ ಕೆಪಾಸಿಟರ್ ಬಿದ್ದುಹೋಗಿದ್ದರೂ ಸಾವಿರಾರು ರೂಪಾಯಿಯ ಬೋರ್ಡು ಬದಲಿಸಿ ಎಂಬ ಉತ್ತರ ಸಿಗತೊಡಗಿತು. ಎರಡನೆಯ ಸಾಕ್ಷಿ ಮರೆಯಾದದ್ದು ಹೀಗೆ.

ಉಳಿದದ್ದು ನೆರೆಹೊರೆ

ಗುರುತಿಲ್ಲ, ನಕ್ಷೆಯಿಲ್ಲ. ಆದರೂ ನಿಮ್ಮ ಊರಿನ ಅಂಗಡಿಯಲ್ಲಿ ಬೋರ್ಡು ಸರಿಹೋಗುತ್ತದೆ. ಹೇಗೆ? ಮೂರನೆಯ ಸಾಕ್ಷಿಯ ಬಲದಿಂದ. ಆ ಕ್ರಮವನ್ನು ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಅಲ್ಲಿ ನಿಜವಾಗಿಯೂ ಏನಾದರೂ ಇತ್ತೇ? ಖಾಲಿ ಜಾಗವೆಲ್ಲ ಕಳೆದುಹೋದ ಜಾಗವಲ್ಲ. ಒಂದೇ ಹಲಗೆಯನ್ನು ಕಾರ್ಖಾನೆಯವರು ಮೂರು ನಾಲ್ಕು ಮಾದರಿಗಳಿಗೆ ಬಳಸುತ್ತಾರೆ. ಒಂದು ಮಾದರಿಗೆ ಬೇಡವಾದ ಭಾಗದ ಜಾಗವನ್ನು ಖಾಲಿ ಬಿಡುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಖಾನೆಯಲ್ಲೇ ಖಾಲಿ ಬಿಟ್ಟ ಚುಕ್ಕೆಗಳು ನುಣುಪಾಗಿ, ಎರಡೂ ಒಂದೇ ಸಮ ಇರುತ್ತವೆ. ಭಾಗ ಕಿತ್ತುಹೋದ ಚುಕ್ಕೆಗಳಲ್ಲಿ ಬೆಸುಗೆ ಒರಟಾಗಿರುತ್ತದೆ. ಕೆಲವೊಮ್ಮೆ ಭಾಗದ ತುದಿಯ ಚೂರು ಅಂಟಿಕೊಂಡಿರುತ್ತದೆ, ಕೆಲವೊಮ್ಮೆ ತಾಮ್ರವೇ ಎದ್ದುಬಂದಿರುತ್ತದೆ.

ಎರಡನೆಯದು, ಬೋರ್ಡಿನ ಮೇಲೆ ಬಿಳಿ ಶಾಯಿಯಲ್ಲಿ ಮುದ್ರಿಸಿದ ಅಕ್ಷರ. ಆರ್ ಎಂದರೆ ರೆಸಿಸ್ಟರ್, ಸಿ ಎಂದರೆ ಕೆಪಾಸಿಟರ್, ಎಲ್ ಎಂದರೆ ಕಾಯಿಲ್, ಡಿ ಎಂದರೆ ಡಯೋಡ್, ಕ್ಯೂ ಎಂದರೆ ಟ್ರಾನ್ಸಿಸ್ಟರ್, ಎಫ್ ಎಂದರೆ ಫ್ಯೂಸ್. ಇದು ಭಾಗದ ಜಾತಿಯನ್ನು ಹೇಳುತ್ತದೆ, ಮೌಲ್ಯವನ್ನಲ್ಲ. ಬಹಳಷ್ಟು ಮೊಬೈಲ್ ಬೋರ್ಡುಗಳಲ್ಲಿ ಈ ಅಕ್ಷರವೂ ಇರುವುದಿಲ್ಲ.

ಮೂರನೆಯದು, ಜೋಡಿ. ಹಾನಗಲ್ಲಿನ ತಾರಕೇಶ್ವರ ಗುಡಿಯ ಒಳಮಾಳಿಗೆಯಲ್ಲಿ ಕೆತ್ತಿದ ಕಮಲವನ್ನು ನೀವು ಕತ್ತೆತ್ತಿ ನೋಡಿರುತ್ತೀರಿ. ಅಂಥ ಕಮಲದ ಒಂದು ಎಸಳು ಮುರಿದಿದೆ ಎಂದುಕೊಳ್ಳಿ. ಅದು ಹೇಗಿತ್ತು ಎಂಬುದಕ್ಕೆ ಎದುರಿನ ಎಸಳೇ ಸಾಕ್ಷಿ. ಬೋರ್ಡಿನಲ್ಲೂ ಇಂಥ ಸಮರೂಪತೆ ಇರುತ್ತದೆ. ಸ್ಟೀರಿಯೊ ಆಂಪ್ಲಿಫಯರಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸರ್ಕ್ಯೂಟು. ಎಡಗಡೆಯ ಭಾಗ ಹೋಗಿದ್ದರೆ ಬಲಗಡೆಯದನ್ನು ಅಳೆಯಬಹುದು. ಸ್ಫಟಿಕದ ಆಸಿಲೇಟರಿನ ಎರಡು ಕಾಲುಗಳಿಂದ ಭೂಮಿಗೆ ಹೋಗುವ ಎರಡು ಪುಟ್ಟ ಕೆಪಾಸಿಟರುಗಳು ಸಾಮಾನ್ಯವಾಗಿ ಅವಳಿಗಳು.

ನಾಲ್ಕನೆಯದು, ಕೆಲಸ. ಖಾಲಿ ಚುಕ್ಕೆಗಳಿಂದ ತಾಮ್ರದ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ಮಲ್ಟಿಮೀಟರ್ ಹಿಡಿದು ಹುಡುಕಬೇಕು. ಸಿ ಎಂದು ಬರೆದ ಜಾಗದ ಒಂದು ತುದಿ ಐಸಿಯ ವಿದ್ಯುತ್ ಕಾಲಿಗೂ ಇನ್ನೊಂದು ಭೂಮಿಗೂ ಹೋಗಿದ್ದರೆ ಅದು ವಿದ್ಯುತ್ತಿನ ಏರಿಳಿತವನ್ನು ಹೀರಿಕೊಳ್ಳುವ ಕೆಪಾಸಿಟರ್, ಹೆಚ್ಚಾಗಿ 0.1 ಮೈಕ್ರೊಫ್ಯಾರಡ್. ರೆಸಿಸ್ಟರಿನ ಒಂದು ತುದಿ ಎಲ್‌ಇಡಿ ದೀಪಕ್ಕೆ, ಇನ್ನೊಂದು 5 ವೋಲ್ಟಿಗೆ ಹೋಗಿದೆ ಎನ್ನಿ. ಲೆಕ್ಕ ನೀವೇ ಮಾಡಬಹುದು. ದೀಪ 2 ವೋಲ್ಟ್ ತೆಗೆದುಕೊಂಡರೆ ಉಳಿದದ್ದು 3. ದೀಪಕ್ಕೆ 10 ಮಿಲಿಆಂಪಿಯರ್ ಸಾಕೆಂದರೆ, ಓಮನ ನಿಯಮದಂತೆ 300 ಓಮ್. 300 ಎಂಬುದು ಹನ್ನೆರಡು ಮೆಟ್ಟಿಲಿನ ಶ್ರೇಣಿಯಲ್ಲಿಲ್ಲ. ಮೇಲಿನ ಮೆಟ್ಟಿಲು 330. ರೆನಾರ್ ಅವರ ಹಗ್ಗ ಇಲ್ಲಿ ಕೆಲಸಕ್ಕೆ ಬಂತು.

ಐದನೆಯದು, ಅದೇ ಮಾದರಿಯ ಇನ್ನೊಂದು ಸತ್ತ ಬೋರ್ಡು. ಶಾಸನಕ್ಕೆ ಇನ್ನೊಂದು ಪ್ರತಿ ಇದ್ದಂತೆ ಇದು. ಅನುಭವಿ ಮೆಕ್ಯಾನಿಕರು ಕೆಟ್ಟ ಬೋರ್ಡುಗಳನ್ನು ಗುಜರಿಗೆ ಹಾಕದೆ ಡಬ್ಬಿಯಲ್ಲಿ ಕೂಡಿಡುವುದು ಇದಕ್ಕೇ. ಇನ್ನೂ ಒಂದು ಮಾತಿದೆ. ಬಿಚ್ಚಿ ತೆಗೆದ ಕೆಪಾಸಿಟರಿನ ಮೌಲ್ಯವನ್ನು ಮೀಟರು ಹೇಳುತ್ತದೆ. ಆದರೆ ಅದು ಎಷ್ಟು ವೋಲ್ಟ್ ತಡೆಯುತ್ತದೆ ಎಂಬುದನ್ನು ಹೇಳುವುದಿಲ್ಲ. ಅದೇ ಮಾದರಿಯ ಬೋರ್ಡಿನ ಅದೇ ಜಾಗದಿಂದ ತೆಗೆದ ಭಾಗಕ್ಕೆ ಮಾತ್ರ ಆ ಭರವಸೆ ಇರುತ್ತದೆ.

ಕೂರಿಸುವ ಕೆಲಸ

ಗುರುತಿಸಿದ ಮೇಲೆ ಕೂರಿಸುವುದು ಕೈಯ ಕೆಲಸ. ಬ್ಯಾಟರಿ ಮತ್ತು ವಿದ್ಯುತ್ ಸಂಪರ್ಕ ತೆಗೆದು, ಚುಕ್ಕೆಗಳ ಹಳೆಯ ಬೆಸುಗೆಯನ್ನು ಸ್ವಚ್ಛ ಮಾಡಿ, ಒಂದು ಚುಕ್ಕೆಗೆ ಮಾತ್ರ ಸ್ವಲ್ಪ ಹೊಸ ಬೆಸುಗೆ ಹಚ್ಚಬೇಕು. ಚಿಮಟದಿಂದ ಭಾಗವನ್ನು ಹಿಡಿದು, ಆ ಚುಕ್ಕೆಯನ್ನು ಕರಗಿಸಿ ಒಂದು ತುದಿ ಕೂರಿಸಬೇಕು. ನೇರವಾಗಿ ಕುಳಿತಿದೆ ಎಂದು ಕಂಡ ಮೇಲೆ ಇನ್ನೊಂದು ತುದಿ. ಹಳೆಯ ಸೀಸ ಬೆರೆತ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತಿತ್ತು. ಯುರೋಪಿನಲ್ಲಿ 2006ರಿಂದ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಹೆಚ್ಚಾಗಿ ಬಳಕೆಗೆ ಬಂದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಆದ್ದರಿಂದ ಹೊಸ ಬೋರ್ಡಿಗೆ ಹೆಚ್ಚು ಶಾಖ ಬೇಕು. ಹೆಚ್ಚು ಹೊತ್ತು ಶಾಖ ಕೊಟ್ಟರೆ ಪಿಂಗಾಣಿ ಕೆಪಾಸಿಟರ್ ಒಳಗೇ ಬಿರುಕು ಬಿಡುತ್ತದೆ, ಚುಕ್ಕೆ ಹಲಗೆಯಿಂದ ಏಳುತ್ತದೆ. ಬೆಸುಗೆಯ ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದಿಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಊಹೆ ಎಲ್ಲಿ ಅಪಾಯ?

ಇಲ್ಲಿ ಒಂದು ಉದಾಹರಣೆಯನ್ನು ನಿಮ್ಮ ಮುಂದೆ ಇಡಬೇಕು. ಮೊಬೈಲ್ ಫೋನಿನಲ್ಲಿ ಬ್ಯಾಟರಿಯ ಬಿಸಿಯನ್ನು ಅಳೆಯಲು ಥರ್ಮಿಸ್ಟರ್ ಎಂಬ ಪುಟ್ಟ ಭಾಗವಿರುತ್ತದೆ. ನೋಡಲು ಬೇರೆ ಭಾಗಗಳಂತೆಯೇ ಇರುತ್ತದೆ. ಇಂಥ ಹಲವು ಥರ್ಮಿಸ್ಟರುಗಳು 25 ಡಿಗ್ರಿಯಲ್ಲಿ 10,000 ಓಮ್ ತೋರಿಸುತ್ತವೆ. ಬಿಸಿಯೇರಿದಂತೆ ಮೌಲ್ಯ ಇಳಿಯುತ್ತದೆ. ಅದು ಬಿದ್ದುಹೋದರೆ ಫೋನು ಚಾರ್ಜ್ ಆಗದಿರಬಹುದು. ಆ ಜಾಗಕ್ಕೆ 10,000 ಓಮಿನ ಸಾಧಾರಣ ರೆಸಿಸ್ಟರ್ ಹಾಕಿದರೆ ಫೋನು ಚಾರ್ಜ್ ಆಗುತ್ತದೆ. ಗಿರಾಕಿಗೂ ಸಂತೋಷ, ಅಂಗಡಿಯವರಿಗೂ ಸಂತೋಷ. ಆದರೆ ಆ ಫೋನಿನ ಪಾಲಿಗೆ ಅಂದಿನಿಂದ ಬ್ಯಾಟರಿ ಯಾವಾಗಲೂ 25 ಡಿಗ್ರಿಯಲ್ಲೇ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ಎಷ್ಟೇ ಕಾದರೂ ಚಾರ್ಜ್ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಬ್ಯಾಟರಿ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ದಿಂಬಿನ ಪಕ್ಕದಲ್ಲಿ ಫೋನು ಇಟ್ಟು ಮಲಗುವವರು ಎಷ್ಟು ಜನ ಎಂದು ಯೋಚಿಸಿ.

ಮೌಲ್ಯ ಸರಿ ಇದ್ದರೂ ಜಾತಿ ತಪ್ಪಿದರೆ ಹೀಗಾಗುತ್ತದೆ. ಫ್ಯೂಸಿನ ಜಾಗಕ್ಕೆ ತಂತಿ ಹಾಕುವುದೂ ಇಂಥದೇ ತಪ್ಪು. 'ನಡೆಯುತ್ತದೆ' ಎಂಬುದೂ 'ಸರಿಯಾಗಿದೆ' ಎಂಬುದೂ ಒಂದೇ ಅಲ್ಲ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ನಡೆಯುವ ಸಾಧನಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಮ್ಮ 230 ವೋಲ್ಟಿನ ವಿದ್ಯುತ್ತು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಾಗಿ ನಿಲ್ಲುತ್ತದೆ. ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಗುರುಗಳ ಅಥವಾ ಅನುಭವಿಗಳ ಜೊತೆಯಿಲ್ಲದೆ ವಿದ್ಯಾರ್ಥಿಗಳು ಅದಕ್ಕೆ ಕೈ ಹಾಕಬಾರದು.

ಸ್ಥಳೀಯ ಕೈಗಳಿಗೆ ಕೊಡಬಾರದ ಬೋರ್ಡುಗಳೂ ಇವೆ. 2019ರಲ್ಲಿ ಹಿರೇಕೆರೂರಿನಲ್ಲಿ, 2021ರಲ್ಲಿ ಹಾನಗಲ್ಲಿನಲ್ಲಿ, 2024ರಲ್ಲಿ ಶಿಗ್ಗಾವಿಯಲ್ಲಿ ವಿಧಾನಸಭೆಗೆ ಉಪಚುನಾವಣೆಗಳು ನಡೆದವು. ಅಲ್ಲಿ ಬಳಸುವಂಥ ಮತಯಂತ್ರ ಕೆಟ್ಟರೆ ಅದನ್ನು ತಯಾರಕ ಸಂಸ್ಥೆಗೇ ಕಳಿಸಬೇಕೆಂಬುದು ನಿಯಮ. ಮತದ ನಂಬಿಕೆಯ ಪ್ರಶ್ನೆಯಾದ್ದರಿಂದ ಅಲ್ಲಿ ಬೀಗ ಬೇಕು. ನೀವು ದುಡ್ಡು ಕೊಟ್ಟು ಕೊಂಡ ಟಿ.ವಿ.ಗೂ ಅಂಥ ಬೀಗ ಏಕೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆ.

ನಕ್ಷೆ ಯಾರದು?

ಈ ಪ್ರಶ್ನೆ ಈಗ ಜಗತ್ತಿನಾದ್ಯಂತ ಎದ್ದಿದೆ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ನೇಮಿಸಿತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆ ಸಾಧನ ಮತ್ತು ವಾಹನ, ಈ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ತಯಾರಕರು ದುರಸ್ತಿಯ ಮಾಹಿತಿಯನ್ನು ಒಂದೆಡೆ ಕೊಡುವಂತೆ ಒಂದು ಜಾಲತಾಣ ಆರಂಭವಾಯಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಹಳೆಯ ಸಾಧನಗಳ ವಿಲೇವಾರಿಯ ಹೊಣೆ ತಯಾರಕರ ಮೇಲೂ ಇದೆ. ಇವು ಒಳ್ಳೆಯ ಹೆಜ್ಜೆಗಳು. ಆದರೆ ಬಳಸುವ ವಿಧಾನದ ಕೈಪಿಡಿ ಬೇರೆ, ಸರ್ಕ್ಯೂಟಿನ ನಕ್ಷೆ ಬೇರೆ. ಹಿಂದೆ ರೇಡಿಯೊದ ಹಿಂಬದಿಯಲ್ಲಿ ಇರುತ್ತಿದ್ದದ್ದು ಎರಡನೆಯದು.

ಇದರಲ್ಲಿ ನಿಮ್ಮ ಪಾಲೇನು? ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸದೆ ಊರಿನಲ್ಲೇ ಬೋರ್ಡು ಸರಿಹೋದರೆ ಒಂದು ಕುಟುಂಬದ ಹಣ ಉಳಿಯುತ್ತದೆ, ಒಬ್ಬ ಯುವಕನಿಗೆ ಅಥವಾ ಯುವತಿಗೆ ಕಸುಬು ಸಿಗುತ್ತದೆ, ಗುಜರಿಗೆ ಹೋಗುವ ಸೀಸ ತಾಮ್ರಗಳು ಕಡಿಮೆಯಾಗುತ್ತವೆ. ಆದರೆ ಈ ವಿದ್ಯೆ ಈಗ ಹೆಚ್ಚಾಗಿ ಅಂಗಡಿಯವರ ನೆನಪಿನಲ್ಲಿ ಮಾತ್ರ ಇದೆ. ಯಾವ ಸೆಟ್ಟಿನ ಯಾವ ಜಾಗದಲ್ಲಿ ಏನಿತ್ತು ಎಂಬುದನ್ನು ಅವರು ಕಷ್ಟಪಟ್ಟು ಕಂಡುಹಿಡಿದಿರುತ್ತಾರೆ, ಬರೆದಿಟ್ಟಿರುವುದಿಲ್ಲ. ಅಂಗಡಿ ಮುಚ್ಚಿದ ದಿನ ಅದೂ ಮುಚ್ಚಿಹೋಗುತ್ತದೆ.

ಆದ್ದರಿಂದ ನಿಮ್ಮ ಶಾಲೆ ಕಾಲೇಜಿನ ವಿಜ್ಞಾನ ಸಂಘ ಒಂದು ಕೆಲಸ ಮಾಡಬಹುದು. ಒಂದು ನೋಟ್‌ಬುಕ್ ಇಡಿ. ಕೆಟ್ಟುಹೋದ ರೇಡಿಯೊ, ರಿಮೋಟ್, ಸೆಟ್-ಟಾಪ್ ಬಾಕ್ಸಿನ ಬೋರ್ಡುಗಳನ್ನು ಕೇಳಿ ತನ್ನಿ. ಪ್ರತಿ ಬೋರ್ಡಿನ ಮಾದರಿ ಸಂಖ್ಯೆ ಬರೆಯಿರಿ, ಎರಡೂ ಬದಿಯ ಚಿತ್ರ ತೆಗೆಯಿರಿ. ಒಂದೊಂದೇ ಭಾಗವನ್ನು ಬಿಚ್ಚಿ, ಅಳೆದು, ಜಾಗದ ಗುರುತಿನ ಮುಂದೆ ಮೌಲ್ಯ ಬರೆಯಿರಿ. ಅಳೆದು ತಿಳಿದದ್ದನ್ನು ಹಾಗೆಯೇ ಬರೆಯಿರಿ. ಲೆಕ್ಕದಿಂದ ತಿಳಿದದ್ದನ್ನು ಶಾಸನ ಓದುವವರಂತೆ ಕಂಸದೊಳಗೆ ಬರೆಯಿರಿ. ಯಾವ ತಾರೀಖಿನಂದು, ಯಾರು ಅಳೆದರು ಎಂಬುದೂ ಇರಲಿ. ಪುಟ ತುಂಬಿದ ಮೇಲೆ ಅದರ ಒಂದು ಪ್ರತಿಯನ್ನು ನಿಮ್ಮ ಊರಿನ ರಿಪೇರಿ ಅಂಗಡಿಗೆ ಕೊಡಿ, ಅವರಿಗೆ ತಿಳಿದದ್ದನ್ನು ಕೇಳಿ ನಿಮ್ಮದಕ್ಕೆ ಸೇರಿಸಿಕೊಳ್ಳಿ.